ಕೀಲು ಸವೆದೀತೆಂದು ಕೂತೇ ಇದ್ದವರು

ಸೊಂಟದ ಕೀಲು ಬದಲಿಸಿಕೊಂಡ ಕೆಲವರು ಆಪ್ತಸಲಹೆಗೆ ಬರುವುದು ಆಪರೇಷನ್ ಕೆಟ್ಟಿದ್ದಕ್ಕಲ್ಲ, ಚೆನ್ನಾಗಿ ಆದ ಮೇಲೆ. ಗಾಯ ಮಾಗಿದೆ, ಎಕ್ಸ್‌ರೇ ಸರಿಯಿದೆ, ನೋವೂ ಇಲ್ಲ. ಆದರೂ ಮನೆಯಿಂದ ಹೊರಗೆ ಕಾಲಿಡುವುದಿಲ್ಲ. ಇಂಥವರು ಮತ್ತೆ ಮತ್ತೆ ಬರುತ್ತಿರುವುದರಿಂದ ಒಂದು ಪ್ರಕರಣವನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಬರೆಯುತ್ತಿದ್ದೇನೆ.

ಅವರು ಅರವತ್ತು ದಾಟಿದ ನಿವೃತ್ತ ಶಿಕ್ಷಕಿ. ಬಲ ಸೊಂಟಕ್ಕೆ ಶಸ್ತ್ರಚಿಕಿತ್ಸೆಯಾಗಿ 11 ತಿಂಗಳಾಗಿತ್ತು. "ಮೊದಲು ಒಂದು ಕಡೆ ಕೂತವಳಲ್ಲ, ಈಗ ಏಳೋದೇ ಇಲ್ಲ. ಮನಸ್ಸಿಗೇನಾದರೂ ಆಗಿದೆಯಾ ನೋಡಿ" ಎಂದು ಕರೆತಂದವರು ಪತಿ. ನಿದ್ದೆ, ಹಸಿವು, ಓದಿನ ಆಸಕ್ತಿ ಎಲ್ಲ ವಿಚಾರಿಸಿದೆ. ಖಿನ್ನತೆಯ ಲಕ್ಷಣ ಕಾಣಲಿಲ್ಲ.

ಎರಡನೆಯ ಭೇಟಿಯಲ್ಲಿ ಅವರ ಕನ್ನಡಕದ ಡಬ್ಬಿ ಕೆಳಗೆ ಬಿತ್ತು. ಅವರು ಕೈ ಚಾಚುವ ಮೊದಲೇ ಪತಿ "ಬಗ್ಗಬೇಡ, ನಾನಿದ್ದೀನಲ್ಲ" ಎಂದು ಎತ್ತಿಕೊಟ್ಟರು. ಪತಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ಶಿಕ್ಷಕಿಗೆ ಕಿಟಕಿಯವರೆಗೆ ನಡೆದು ಬರಲು ಹೇಳಿದೆ. ಕುರ್ಚಿಯ ಅಂಚಿಗೆ ಜರುಗಿದರು. ಬಲಗಾಲನ್ನು ಮುಂದಕ್ಕೆ ಚಾಚಿದರು. ಎರಡೂ ಕೈಗಳಿಂದ ಕುರ್ಚಿಯ ಕೈಗಳನ್ನು ಒತ್ತಿ, ಬೆನ್ನು ಮುಂದೆ ಬಾಗದಂತೆ ಎದ್ದರು. ಅದು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಹೇಳಿಕೊಡುವ ಕ್ರಮ. 11 ತಿಂಗಳಲ್ಲಿ ಎಳ್ಳಷ್ಟೂ ಬದಲಾಗಿರಲಿಲ್ಲ. ಕೋಲು ಮಾತ್ರ ತಪ್ಪು ಕೈಯಲ್ಲಿತ್ತು, ಬಲಗೈಯಲ್ಲಿ.

"ನಡೆದರೆ ನೋವಾಗುತ್ತಾ?"

"ಇಲ್ಲ ಮೇಡಂ."

"ಮತ್ತೆ ಯಾಕೆ ನಡೆಯಲ್ಲ?"

"ಈ ಕೀಲಿಗೆ ಇಂತಿಷ್ಟು ಹೆಜ್ಜೆ ಅಂತ ಇರುತ್ತಲ್ಲ. ಸವೆದರೆ ಮತ್ತೆ ಕೊಯ್ಯಬೇಕು. ಮುಖ್ಯವಾದ ಕೆಲಸಕ್ಕೆ ಬೇಕಾಗುತ್ತೆ ಅಂತ ಉಳಿಸಿಕೊಂಡಿದ್ದೀನಿ."

ಯಾವ ಮುಖ್ಯ ಕೆಲಸ ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿದರು. ಒಂದೂ ಹೊಳೆಯಲಿಲ್ಲ. ಆಮೇಲೆ, "ಹೌದಲ್ಲ, ಯಾವುದಕ್ಕೆ?" ಎಂದು ತಾವೇ ಕೇಳಿಕೊಂಡರು.

ಮನೆಯವರು ಸೋಮಾರಿತನ ಎಂದುಕೊಂಡದ್ದು ಜಿಪುಣತನವಾಗಿತ್ತು, ಅದೂ ಕಾರಣವಿದ್ದ ಜಿಪುಣತನ. ಈ ಚಿಕಿತ್ಸೆಯ ಇಂದಿನ ರೂಪಕ್ಕೆ ಬುನಾದಿ ಹಾಕಿದ ಬ್ರಿಟಿಷ್ ಶಸ್ತ್ರಚಿಕಿತ್ಸಕ ಜಾನ್ ಚಾರ್ನ್ಲಿ ಮೊದಮೊದಲು ಕೃತಕ ಕೀಲಿಗೆ ಬಳಸಿದ ಟೆಫ್ಲಾನ್ ಬಟ್ಟಲುಗಳು ಕೆಲವೇ ವರ್ಷಗಳಲ್ಲಿ ಸವೆದಿದ್ದವು. 1962ರಲ್ಲಿ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಂದ ಮೇಲೆಯೇ ಈ ಚಿಕಿತ್ಸೆ ನೆಲೆಯೂರಿತು. 1990ರ ದಶಕದ ಕೊನೆಯಿಂದ ಬಳಕೆಯಲ್ಲಿರುವ, ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆದ ಕ್ರಾಸ್‌ಲಿಂಕ್ಡ್ ಪಾಲಿಎಥಿಲೀನ್ ಇನ್ನೂ ಕಡಿಮೆ ಸವೆಯುತ್ತದೆ. ಕೀಲು ಬದಲಿಸಿಕೊಂಡವರ ದೊಡ್ಡ ನೋಂದಣಿ ದಾಖಲೆಗಳ ಪ್ರಕಾರ ಹತ್ತರಲ್ಲಿ ಸುಮಾರು ಒಂಬತ್ತು ಕೀಲುಗಳು 15 ವರ್ಷ, ಆರರ ಆಸುಪಾಸು 25 ವರ್ಷ ಬಾಳುತ್ತವೆ. ಇನ್ನೊಂದು ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಮರುಶಸ್ತ್ರಚಿಕಿತ್ಸೆಗೆ ಸವೆತವೊಂದೇ ಕಾರಣವಲ್ಲ. ಸೋಂಕು, ಕೀಲು ಜಾರುವುದು, ಬಿದ್ದು ಕೀಲಿನ ಸುತ್ತಲ ಮೂಳೆ ಮುರಿಯುವುದು ಇವೂ ಕಾರಣ. ಕೂತೇ ಇದ್ದರೆ ತೊಡೆ, ಸೊಂಟದ ಸ್ನಾಯುಗಳು ಸೊರಗಿ ಬೀಳುವ ಸಂಭವವೇ ಹೆಚ್ಚುತ್ತದೆ.

ಆದರೂ ಇದನ್ನೆಲ್ಲ ಹೇಳಿ "ಏನೂ ಆಗಲ್ಲ, ಧೈರ್ಯವಾಗಿರಿ" ಎಂದು ಕಳಿಸಲಿಲ್ಲ. ಅಂಥ ಸಮಾಧಾನ ಒಂದು ಸಂಜೆಯ ಮಟ್ಟಿಗೆ. ಮರುದಿನ ಮತ್ತೆ ಕೇಳಬೇಕೆನಿಸುತ್ತದೆ. ಭಯ ಇಳಿಯುವುದು ಮಾಡಿ ನೋಡಿದಾಗ.

ಮೊದಲು ಶಸ್ತ್ರಚಿಕಿತ್ಸಕರಿಂದ ಬರಹದಲ್ಲಿ ಉತ್ತರ ತರಲು ಹೇಳಿದೆ: ಕೀಲನ್ನು ಹಿಂಬದಿಯಿಂದ ಹಾಕಿದ್ದೋ ಮುಂಬದಿಯಿಂದಲೋ, ಯಾವ ನಿರ್ಬಂಧ ಮುಗಿದಿದೆ, ಯಾವುದು ಉಳಿದಿದೆ. ಅದಿಲ್ಲದೆ ಒಂದು ಹೆಜ್ಜೆಯನ್ನೂ ನಾನು ಹೆಚ್ಚಿಸುವುದಿಲ್ಲ. ಅವರಿಗೆ ಹಿಂಬದಿಯಿಂದ ಆಗಿತ್ತು. ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಮಡಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದವನ್ನು ಒಳಕ್ಕೆ ತಿರುಗಿಸಬಾರದು ಎಂಬ ಸೂಚನೆ ಸಾಮಾನ್ಯವಾಗಿ 6ರಿಂದ 12 ವಾರಕ್ಕೆ, ಹಿಂಭಾಗದ ಅಂಗಾಂಶ ಕೂಡಿಕೊಳ್ಳಲಿ ಎಂದು. ಅವರ ವೈದ್ಯರು ಅದನ್ನೆಲ್ಲ ತೆಗೆದುಹಾಕಿ ತಿಂಗಳುಗಳಾಗಿದ್ದವು.

ಕೋಲಿನ ವಿಷಯಕ್ಕೆ ಫಿಸಿಯೋಥೆರಪಿಸ್ಟ್ ಬಳಿ ಕಳಿಸಿದೆ. ಬಲ ಸೊಂಟಕ್ಕೆ ಕೋಲು ಎಡಗೈಯಲ್ಲಿರಬೇಕು, ಬಲಗಾಲಿನ ಜೊತೆಗೇ ಮುಂದೆ ಹೋಗಬೇಕು. ಕೈ ಇಳಿಬಿಟ್ಟು ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಆಗ ಸೊಂಟದ ಪಕ್ಕದ ಸ್ನಾಯುವಿನ ಹೊರೆ ಇಳಿಯುತ್ತದೆ. ಅವರು ಬಲಗಾಲಿನ ಮೇಲೆ ನಿಂತರೆ ಎಡ ಸೊಂಟ ಕೆಳಗೆ ಜಾರುತ್ತಿತ್ತು, ಅಂದರೆ ಆ ಸ್ನಾಯುವೇ ಸೋತಿತ್ತು. ಕಟ್ಟೆ ಹಿಡಿದು ನಿಂತು, ಮೈ ವಾಲಿಸದೆ ಕಾಲನ್ನು ಪಕ್ಕಕ್ಕೆ ಎತ್ತುವುದು, 10 ಸಲದಂತೆ ಮೂರು ಸುತ್ತು. ಮೈ ವಾಲಿಸಿ ಎತ್ತಿದರೆ ಕೆಲಸ ಮಾಡುವುದು ಬೇರೆ ಸ್ನಾಯು.

ನನ್ನ ಪಾಲಿನ ಕೆಲಸ ಭಯದ ಪಟ್ಟಿ. ಪ್ರತಿ ಚಟುವಟಿಕೆಗೂ ಅವರೇ 0ಯಿಂದ 10ರವರೆಗೆ ಅಂಕ ಹಾಕಿದರು: ಒಬ್ಬರೇ ಗೇಟಿನವರೆಗೆ 3, ಸಮತಟ್ಟಾದ ರಸ್ತೆಯಲ್ಲಿ 10 ನಿಮಿಷ 5, ಒಂದು ಅಂತಸ್ತು ಮೆಟ್ಟಿಲು 7, ಜನಸಂದಣಿ 9. ಒಂದರ ಭಯ ಅರ್ಧಕ್ಕಿಳಿಯುವವರೆಗೆ ಅದನ್ನೇ ಮಾಡಬೇಕು, ಆಮೇಲೆ ಮುಂದಿನದು. ಮರುದಿನ ಬೆಳಗ್ಗೆ ನೋವು ಹೆಚ್ಚಿದ್ದರೆ ಹಿಂದಿನ ಪ್ರಮಾಣಕ್ಕೆ ಮರಳಬೇಕು, ಪೂರ್ತಿ ನಿಲ್ಲಿಸಬಾರದು.

ಪತಿಗೆ ಸಿಟ್ಟು ಬಂತು. "ಬಿದ್ದರೆ ಜವಾಬ್ದಾರಿ ಯಾರದು?" ನ್ಯಾಯವಾದ ಪ್ರಶ್ನೆಯೇ. ಆದರೆ ದಿನವಿಡೀ "ಹುಷಾರು" ಎಂದು ಕೇಳುವವರಿಗೆ ತಮ್ಮ ಕಾಲಿನ ಮೇಲೆ ನಂಬಿಕೆ ಹುಟ್ಟುವುದಾದರೂ ಹೇಗೆ? ಅವರಿಗೆ ಬೇರೆ ಕೆಲಸ ಕೊಟ್ಟೆ: ತೋಳು ಹಿಡಿಯದೆ ಪಕ್ಕದಲ್ಲಿ ನಡೆಯುವುದು, ಕೇಳಿದರೆ ಮಾತ್ರ ಸಹಾಯ ಮಾಡುವುದು, ಜಾರುವ ಚಾಪೆ, ನೆಲದ ಮೇಲಿನ ವೈರು ತೆಗೆಯುವುದು, ರಾತ್ರಿ ಶೌಚಾಲಯದ ದಾರಿಗೆ ದೀಪ ಹಾಕುವುದು. ತಕ್ಷಣ ವೈದ್ಯರಿಗೆ ತೋರಿಸಬೇಕಾದ ಚಿಹ್ನೆಗಳನ್ನೂ ಅವರಿಗೇ ಬರೆದುಕೊಟ್ಟೆ. ಹಠಾತ್ ನೋವಿನ ಜೊತೆ ಕಾಲು ಗಿಡ್ಡವಾಗಿ ತಿರುಚಿದಂತೆ ಕಾಣುವುದು, ಭಾರ ಹಾಕಲಾಗದಿರುವುದು, ಜ್ವರದ ಜೊತೆ ಸೊಂಟನೋವು, ಮೀನಖಂಡದ ಊತ, ಏಕಾಏಕಿ ಉಸಿರುಗಟ್ಟುವುದು. ಎದ್ದು ನಡೆಯುವ ಮೊದಲ ನಾಲ್ಕು ಹೆಜ್ಜೆಗೆ ತೊಡೆಯಲ್ಲೋ ತೊಡೆಸಂದಿಯಲ್ಲೋ ಹೊಸದಾಗಿ ನೋವು ಶುರುವಾದರೆ ಕೀಲು ಸಡಿಲವಾಗಿರಬಹುದು. ಅದನ್ನು ಮನಸ್ಸಿನ ಭಯ ಎಂದು ತಳ್ಳಿಹಾಕಬಾರದು.

ಈಗ ಅವರು ದಿನವೂ ಅರ್ಧ ಗಂಟೆ ಒಬ್ಬರೇ ನಡೆಯುತ್ತಾರೆ, ಮೆಟ್ಟಿಲನ್ನು ಕಾಲು ಬದಲಿಸಿ ಹತ್ತುತ್ತಾರೆ. ಜನಸಂದಣಿಯ ಅಂಕ ಇನ್ನೂ 6ರಲ್ಲಿದೆ.

ಆಸ್ಪತ್ರೆಯಿಂದ ಬಿಡುಗಡೆಯಾಗುವವರು, ಅವರ ಮನೆಯವರು ಒಂದು ಕೆಲಸ ಮಾಡಿ. ಚೀಟಿಯಲ್ಲಿರುವ ಪ್ರತಿಯೊಂದು "ಮಾಡಬಾರದು" ಎದುರಿಗೆ ಎಲ್ಲಿಯವರೆಗೆ ಎಂದು ಬರೆಸಿಕೊಳ್ಳಿ. ಬಗ್ಗುವುದಕ್ಕೆ, ವಾಹನ ಓಡಿಸುವುದಕ್ಕೆ, ಈಜಿಗೆ, ದಾಂಪತ್ಯಕ್ಕೆ ಬೇರೆಬೇರೆಯಾಗಿ ಕೇಳಿ. ಕೊನೆಯದನ್ನು ಕೇಳಲು ಸಂಕೋಚಪಟ್ಟು ವರ್ಷಗಟ್ಟಲೆ ದೂರ ಉಳಿದವರಿದ್ದಾರೆ. ಓಟ, ಜಿಗಿತದಂಥವಕ್ಕೆ ಉತ್ತರ "ಇನ್ನು ಬೇಡ" ಎಂದಿದ್ದರೆ ಅದನ್ನೂ ಬರೆಸಿಕೊಳ್ಳಿ.