ಅಡ್ಡ ಬಂದವರು ಯಾರು?

ಬಳ್ಳಾರಿ ಕೌಲ್‌ಬಜಾರಿನ ಓದುಗರೊಬ್ಬರ ಪತ್ರ: "ಸೈಕಲ್‌ನವರ ಪರ ಎಷ್ಟು ಸಲ ಬರೀತೀರಿ? ರಾತ್ರಿ ಲೈಟಿಲ್ಲ, ರಾಂಗ್ ಸೈಡಲ್ಲಿ ನುಗ್ಗುತ್ತಾರೆ. ದಿನದ ಪೇಪರ್ ನೋಡಿ, ತಪ್ಪು ಅವರದೇ ಇರುತ್ತೆ."

ಸಂಪಾದಕರ ಉತ್ತರ:

ಲೈಟಿನ ಮಾತು ಒಪ್ಪಿದೆ ಸರ್. ಹಿಂದಿನ ಮಡ್ಗಾರ್ಡಿಗೆ ಒಂದು ರಿಫ್ಲೆಕ್ಟರ್ ಇರಲೇಬೇಕು. ಆದರೆ 'ಪೇಪರ್ ನೋಡಿ' ಅಂದಿರಲ್ಲ, ಅದನ್ನು ಓದಿ ಸುಮ್ನಿರಲು ಆಗಲಿಲ್ಲ.

ನಾನು ವರದಿಗಾರನಾದ ಹೊಸತು. ತೋರಣಗಲ್ ಕಡೆ ರಸ್ತೆಯಲ್ಲಿ ಅದಿರು ಲಾರಿ ಬಡಿದು ಜೀನ್ಸ್ ಹೊಲಿಯುವ ಹುಡುಗನೊಬ್ಬ ತೀರಿಕೊಂಡ. 'ಸೈಕಲ್ ಸವಾರ ಏಕಾಏಕಿ ಅಡ್ಡ ಬಂದಿದ್ದರಿಂದ' ಅಂತ ಬರೆದೆ. ಹೇಳಿದ್ದು ಯಾರು? ಡ್ರೈವರ್. ಇನ್ನೊಬ್ಬ ಶವಾಗಾರದಲ್ಲಿದ್ದನಲ್ಲ, ಅವನನ್ನು ಕೇಳೋಕಾಗುತ್ತಾ? ಮರುದಿನ ಅವನ ಅಣ್ಣ ಪೇಪರ್ ಹಿಡಿದು ಆಫೀಸಿಗೆ ಬಂದರು. ಬೈಯಲಿಲ್ಲ. "ನೀವು ಅಲ್ಲಿದ್ರೇನ್ರೀ?" ಅಂತ ಕೇಳಿ ಹೋದರು.

ಅಮೆರಿಕದ ಸಂಶೋಧಕರು 2019ರಲ್ಲಿ ಒಂದೇ ಅಪಘಾತದ ಸುದ್ದಿಯನ್ನು ಬೇರೆ ಬೇರೆ ರೀತಿ ಬರೆದು ಜನರಿಗೆ ಓದಲು ಕೊಟ್ಟಿದ್ದರು. ಸತ್ತ ಪಾದಚಾರಿಯನ್ನೇ ಮುಂದಿಟ್ಟು ಬರೆದದ್ದನ್ನು ಓದಿದವರು ಅವನದೇ ತಪ್ಪು ಅಂದದ್ದು ಜಾಸ್ತಿ. ನೀವು ಪೇಪರ್ ಓದಿ ತೀರ್ಪು ಕೊಟ್ಟದ್ದೂ ಹಾಗೇ ಅಲ್ವಾ?

ನೆದರ್ಲೆಂಡ್ಸ್ ಅಂದರೆ ಹುಟ್ಟಿನಿಂದಲೇ ಸೈಕಲ್ ದೇಶ ಅಂದುಕೊಂಡಿದ್ದೇವೆ. 1971ರಲ್ಲಿ ಅಲ್ಲಿ ರಸ್ತೆಗೆ ಬಲಿಯಾದ ಮಕ್ಕಳೇ 400ಕ್ಕೂ ಹೆಚ್ಚು. ಮಗಳನ್ನು ಹಾಗೆ ಕಳೆದುಕೊಂಡ ಪತ್ರಕರ್ತರೊಬ್ಬರು 1972ರಲ್ಲಿ 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ತಲೆಬರಹ ಕೊಟ್ಟು ಬರೆದರು, ಅದೇ ಹೆಸರಲ್ಲಿ ಚಳವಳಿ ಎದ್ದಿತು. ನಾವಾಗಿದ್ದರೆ 'ವಿಧಿಯಾಟ' ಅಂತ ಬರೆದು ಪುಟ ಮುಗಿಸುತ್ತಿದ್ದೆವು.

ವೇಗದ ಲೆಕ್ಕವನ್ನಂತೂ ನಮ್ಮವರು ಬರೆಯುವುದೇ ಇಲ್ಲ. ಗಂಟೆಗೆ 50 ಕಿ.ಮೀ.ಯಲ್ಲಿ ಬರುವ ಕಾರು 65ಕ್ಕೆ ಏರಿದರೆ, ಅದರ ಮುಂಭಾಗ ಬಡಿದ ಪಾದಚಾರಿ ಸಾಯುವ ಅಪಾಯ ನಾಲ್ಕೂವರೆ ಪಟ್ಟು ಆಗುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ಮಾತ್ರ ಸತ್ತವನ ಸೈಕಲ್‌ಗೆ ಡೈನಮೋ ಇತ್ತಾ ಅಂತ ಕೇಳುತ್ತೇವೆ.

ಜೂನ್ 3 ಬಂದರೆ ನೋಡಿ, ವಿಶ್ವ ಸೈಕಲ್ ದಿನ. ಟೀ ಶರ್ಟ್ ಹಾಕಿದ ಸಾಹೇಬರ ಬಣ್ಣದ ಫೋಟೋ ಮೂರು ಕಾಲಂ. ಬೆಳಗ್ಗೆ ಕ್ಯಾನ್ ಕಟ್ಟಿಕೊಂಡು ಹಾಲು ಹಾಕುವವರು, ಟಿಫಿನ್ ಡಬ್ಬಿ ನೇತುಹಾಕಿ ಹೊಲಿಗೆಗೆ ಹೋಗುವವರು, ಇವರು ಪೇಪರಿಗೆ ಬರುವುದು ಸತ್ತಾಗ, ಅದೂ ಒಂದೇ ಕಾಲಂ. ಅರ್ಧ ತಪ್ಪು ಪೇಪರ್ ಮ್ಯಾನೇಜ್‌ಮೆಂಟುಗಳದು ಬಿಡಿ. ಒಬ್ಬನೇ ವರದಿಗಾರ ಹುಡುಗನಿಗೆ ಕ್ರೈಮು, ಕೋರ್ಟು, ಜಾಹೀರಾತು ಎಲ್ಲಾ ವಹಿಸಿದರೆ ಸ್ಟೇಷನ್‌ಗೆ ಫೋನ್ ಮಾಡಿ ಬರೆದುಕೊಳ್ಳುತ್ತಾನೆ, ಇನ್ನೇನು.

ಅಂದಹಾಗೆ, ನಿಮ್ಮ ಎರಡು ಪುಟದ ಪತ್ರದಲ್ಲಿ ಲಾರಿ ಅನ್ನೋ ಪದ ಒಂದು ಸಲವೂ ಇಲ್ಲ. ಹುಡುಕಿದೆ.