ಗಡ್ಡೆ 6 ಸೆಂ.ಮೀ. ಇದೆ, ಗರ್ಭಕೋಶ ತೆಗೆಸಲೇಬೇಕಾ?

ಪ್ರಶ್ನೆ: ಮೇಡಂ, ನನಗೆ 43 ವರ್ಷ, ಇಬ್ಬರು ಮಕ್ಕಳು. ಎರಡು ವರ್ಷದಿಂದ ಮುಟ್ಟಿನಲ್ಲಿ ವಿಪರೀತ ಸ್ರಾವ, ಗಟ್ಟಿಗಟ್ಟಿಯಾಗಿ ರಕ್ತ ಹೋಗುತ್ತದೆ, ರಾತ್ರಿ ಎದ್ದು ಪ್ಯಾಡ್ ಬದಲಾಯಿಸಬೇಕು. ಮೆಟ್ಟಿಲು ಹತ್ತಿದರೆ ಏದುಸಿರು. ಹಿಮೋಗ್ಲೋಬಿನ್ 8 ಇದೆ. ಸ್ಕ್ಯಾನ್ ಮಾಡಿದಾಗ 6 ಸೆಂ.ಮೀ. ಫೈಬ್ರಾಯ್ಡ್ ಕಾಣಿಸಿತು. ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ, ಜೊತೆಗೆ ಅಂಡಾಶಯವನ್ನೂ ತೆಗೆದರೆ ಮುಂದೆ ಚಿಂತೆ ಇಲ್ಲ’ ಎಂದರು ಡಾಕ್ಟರು. ಅಕ್ಕ ಬೇಡವೇ ಬೇಡ ಎನ್ನುತ್ತಾಳೆ. ಹಾಗೇ ಬಿಟ್ಟರೆ ಕ್ಯಾನ್ಸರ್ ಆಗುತ್ತದಾ?

ಉತ್ತರ: ಮೊದಲು ಕ್ಯಾನ್ಸರ್ ಭಯ ಬಿಡಿ. ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಗಂಟು, ಅದು ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಆದರೆ ಎರಡು ವರ್ಷದಿಂದ ಇಷ್ಟು ಸ್ರಾವ ಆಗುತ್ತಿರುವುದರಿಂದ, ಗರ್ಭಕೋಶದ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡಬೇಕಾ ಎಂದು ಒಮ್ಮೆ ಕೇಳಿ.

ಇನ್ನು ಆ 6 ಸೆಂ.ಮೀ. ಗಡ್ಡೆಯ ಅಳತೆ ಒಂದನ್ನೇ ನೋಡಿ ಆಪರೇಷನ್ ನಿರ್ಧಾರ ಆಗಬಾರದು. ಗಡ್ಡೆ ಎಲ್ಲಿದೆ ಎನ್ನುವುದು ಅದಕ್ಕಿಂತ ಮುಖ್ಯ. ಒಳಪದರದ ಕಡೆ ಚಾಚಿಕೊಂಡ 2 ಸೆಂ.ಮೀ. ಗಡ್ಡೆ ಮೈಯ ರಕ್ತವನ್ನೆಲ್ಲ ಬಸಿದುಬಿಡಬಹುದು, ಹೊರಗೋಡೆಯ ಮೇಲಿರುವ ದೊಡ್ಡ ಗಡ್ಡೆ ವರ್ಷಗಟ್ಟಲೆ ಗೊತ್ತೇ ಆಗದೆ ಇರಬಹುದು. ಒಳಗೆ ಚಾಚಿದ ಚಿಕ್ಕ ಗಡ್ಡೆಯನ್ನು ಎಷ್ಟೋ ಸಲ ಹೊಟ್ಟೆ ಕೊಯ್ಯದೆ, ಯೋನಿಯ ಮೂಲಕವೇ ಹಿಸ್ಟರೋಸ್ಕೋಪ್ (ಗರ್ಭಕೋಶದ ಒಳಗೆ ನೋಡುವ ತೆಳ್ಳನೆಯ ನಳಿಕೆ) ಹಾಕಿ ತೆಗೆಯುತ್ತಾರೆ, ಕೆಲವೇ ದಿನದಲ್ಲಿ ಚೇತರಿಸಿಕೊಳ್ಳಬಹುದು. ನಿಮ್ಮ ಪತ್ರದಲ್ಲಿ ಜಾಗದ ಮಾತೇ ಇಲ್ಲ. ರಿಪೋರ್ಟ್ ಹಿಡಿದುಕೊಂಡು ಹೋಗಿ ಅದನ್ನೇ ಮೊದಲು ಕೇಳಿ.

ಆಪರೇಷನ್ ಇಲ್ಲದ ದಾರಿಗಳೂ ಇವೆ. ಮುಟ್ಟಿನ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಸ್ರಾವ ಕಡಿಮೆ ಮಾಡುತ್ತದೆ (ಹಿಂದೆ ಯಾವಾಗಲಾದರೂ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಹೇಳಲೇಬೇಕು). ಹಾರ್ಮೋನ್ ಬಿಡುವ ಮಿರೆನಾದಂಥ ಸಾಧನವನ್ನು ಗರ್ಭಕೋಶದೊಳಗೆ ಹಾಕಿಸಿಕೊಳ್ಳಬಹುದು, ಒಳಗಿನ ಜಾಗದ ಆಕಾರ ಗಡ್ಡೆಯಿಂದ ಕೆಟ್ಟಿಲ್ಲದಿದ್ದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಎಂಬೊಲೈಸೇಷನ್ ಎಂದೂ ಇದೆ, ತೊಡೆ ಅಥವಾ ಮಣಿಕಟ್ಟಿನ ರಕ್ತನಾಳದಿಂದ ಹೋಗಿ ಗಡ್ಡೆಗೆ ರಕ್ತ ಸಿಗದಂತೆ ಮಾಡುತ್ತಾರೆ, ಗಡ್ಡೆ ಕುಗ್ಗುತ್ತದೆ. ಗಡ್ಡೆಯನ್ನಷ್ಟೇ ತೆಗೆದು ಗರ್ಭಕೋಶ ಉಳಿಸಲೂ ಬಹುದು, ಆದರೆ ಹೊಸ ಗಡ್ಡೆ ಮತ್ತೆ ಬರುವ ಸಾಧ್ಯತೆ ಇರುತ್ತದೆ. ಗರ್ಭಕೋಶವನ್ನೇ ತೆಗೆದರೆ ಆ ಪ್ರಶ್ನೆ ಇಲ್ಲ. ಇದನ್ನೆಲ್ಲ ತಿಳಿದ ಮೇಲೂ ‘ಸಾಕಾಗಿದೆ, ತೆಗೆಸಿಬಿಡುತ್ತೇನೆ’ ಎಂದು ನಿಮಗೇ ಅನ್ನಿಸಿದರೆ ಅದು ತಪ್ಪಲ್ಲ, ಎಷ್ಟೋ ಹೆಂಗಸರಿಗೆ ಅದರಿಂದ ಜೀವ ಬಂದಂತಾಗಿದೆ. ಮುಟ್ಟು ನಿಂತ ಮೇಲೆ ಗಡ್ಡೆಗಳು ತಾವಾಗಿ ಕುಗ್ಗುವುದು ನಿಜ, ಆದರೆ ಹಿಮೋಗ್ಲೋಬಿನ್ 8 ಇಟ್ಟುಕೊಂಡು ಇನ್ನೂ ಎಷ್ಟೋ ವರ್ಷ ಕಾಯಿರಿ ಎಂದು ನಾನು ಹೇಳಲಾರೆ.

ಅಂಡಾಶಯದ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅದು ಬೇರೆಯೇ ನಿರ್ಧಾರ, ಸುಮ್ನೆ ಜೊತೆಗೆ ತೆಗೆಯುವ ವಸ್ತುವಲ್ಲ. 43ಕ್ಕೆ ಎರಡೂ ಅಂಡಾಶಯ ತೆಗೆದರೆ ಒಮ್ಮೆಲೇ ಮೆನೋಪಾಸ್ (ಮುಟ್ಟು ನಿಲ್ಲುವ ಹಂತ) ಬರುತ್ತದೆ. ಮೈ ಬಿಸಿಯೇರುವುದು, ನಿದ್ದೆಗೆಡುವುದು ಆಮೇಲಿನ ಮಾತು, ಮೂಳೆ ಸವೆಯುವ ಮತ್ತು ಹೃದಯದ ಕಾಯಿಲೆಯ ಅಪಾಯವೂ ಹೆಚ್ಚುತ್ತದೆ. ಅಂಡಾಶಯದಲ್ಲೇ ರೋಗವಿದ್ದರೆ, ಅಥವಾ ಮನೆತನದಲ್ಲಿ ಅಂಡಾಶಯದ ಕ್ಯಾನ್ಸರ್ ಇದ್ದರೆ ಲೆಕ್ಕ ಬೇರೆ. ಯಾಕೆ ತೆಗೆಯಬೇಕು ಎಂದು ನೇರವಾಗಿ ಕೇಳಿ, ಉತ್ತರ ಸರಿ ಅನ್ನಿಸದಿದ್ದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ಸಹಿ ಹಾಕುವ ಮುಂಚೆ ಒಪ್ಪಿಗೆ ಪತ್ರದಲ್ಲಿ ಏನೇನು ತೆಗೆಯುತ್ತಾರೆಂದು ಓದಿ.

ಯಾವ ದಾರಿ ಹಿಡಿದರೂ ಹಿಮೋಗ್ಲೋಬಿನ್ ಹೆಚ್ಚಿಸುವ ಕೆಲಸ ಇವತ್ತೇ ಶುರುವಾಗಲಿ. ಕಬ್ಬಿಣದ ಮಾತ್ರೆ ಒಗ್ಗದಿದ್ದರೆ ಡ್ರಿಪ್ ಮೂಲಕ ಕೊಡುತ್ತಾರೆ. ಹಿಮೋಗ್ಲೋಬಿನ್ ಏರಿದ ಮೇಲೆ ಆಪರೇಷನ್‌ಗೆ ಹೋದರೆ ರಕ್ತ ಹಾಕಿಸಿಕೊಳ್ಳುವ ಸಂದರ್ಭ ಕಡಿಮೆ, ಚೇತರಿಕೆಯೂ ಸುಲಭ.

ಪ್ರಶ್ನೆ: ಲ್ಯಾಪರೋಸ್ಕೋಪಿಯಲ್ಲಿ ಗರ್ಭಕೋಶ ತೆಗೆದು ಮೂರು ವಾರ ಆಯಿತು. ಹೊಟ್ಟೆ ಮೇಲೆ ಚಿಕ್ಕ ಚಿಕ್ಕ ಗಾಯ ಅಷ್ಟೇ, ಎಲ್ಲ ಒಣಗಿದೆ. ಮನೆಯಲ್ಲಿ ‘ಇನ್ನೂ ಎಷ್ಟು ದಿನ ಮಲಗ್ತೀಯ’ ಎನ್ನುತ್ತಾರೆ. ಆದರೆ ಸ್ವಲ್ಪ ನಡೆದರೂ ಸುಸ್ತು. ಸುಮ್ಮಸುಮ್ಮನೆ ಅಳು ಬರುತ್ತದೆ.

ಉತ್ತರ: ಈ ಪುಟವನ್ನು ಮನೆಯವರಿಗೂ ಓದಿಸಿ. ಹೊರಗಿನ ಗಾಯ ಒಣಗಿದ ಮಾತ್ರಕ್ಕೆ ಒಳಗಿನ ಹೊಲಿಗೆ ಮಾಗಿರುವುದಿಲ್ಲ. ಗರ್ಭಕೋಶ ಇದ್ದ ಜಾಗದಲ್ಲಿ ಯೋನಿಯ ತುದಿಯನ್ನು ಹೊಲಿದಿರುತ್ತಾರೆ, ಅದು ಗಟ್ಟಿಯಾಗಲು ಕನಿಷ್ಠ 6 ವಾರ ಬೇಕು. ಅಲ್ಲಿಯವರೆಗೆ ತುಂಬಿದ ಕೊಡ, ಬಕೆಟ್, ಮಗು, ಯಾವುದನ್ನೂ ಎತ್ತಬೇಡಿ. ದೈಹಿಕ ಸಂಬಂಧವೂ ಬೇಡ, ಡಾಕ್ಟರ್ ಪರೀಕ್ಷೆ ಮಾಡಿ ಸರಿ ಎಂದ ಮೇಲೆಯೇ. ಹಾಗೆಂದು ಪೂರ್ತಿ ಮಲಗಿಯೇ ಇರಬಾರದು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ದಿನಕ್ಕೆ ನಾಲ್ಕೈದು ಸಲ ಮನೆಯೊಳಗೇ ನಡೆಯಿರಿ, ಸುಸ್ತಾಗುವ ಮುಂಚೆಯೇ ಕೂತುಬಿಡಿ. ಮಲಬದ್ಧತೆ ಇದ್ದರೆ ಮುಕ್ಕರಿಯಬೇಡಿ, ಅದಕ್ಕೆ ಔಷಧಿ ಕೇಳಿ.

ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ವಾಸನೆಯ ಸ್ರಾವ ಬಂದರೆ, ಗಂಟೆಯೊಳಗೆ ಪ್ಯಾಡ್ ತೊಯ್ಯುವಷ್ಟು ರಕ್ತ ಹೋದರೆ, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ ಅಥವಾ ಉಸಿರಾಟ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಅಳು ಬರುವುದಕ್ಕೆ ನಾಚಿಕೆ ಪಡಬೇಡಿ. ಆಯಾಸ, ನಿದ್ದೆ ಕೆಟ್ಟಿರುವುದು, ಒಂದು ಅಂಗವನ್ನೇ ಕಳೆದುಕೊಂಡ ನೋವು, ಎಲ್ಲ ಸೇರಿರುತ್ತದೆ ಅಲ್ವಾ. ಅಂಡಾಶಯವನ್ನೂ ತೆಗೆದಿದ್ದರೆ ಹಾರ್ಮೋನ್ ಕುಸಿತವೂ ಕಾರಣವಿರಬಹುದು, ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದನ್ನು ನೋಡಿಕೊಳ್ಳಿ. ದಿನ ಕಳೆದಂತೆ ಅಳು ಕಡಿಮೆಯಾಗದೆ ಊಟ, ನಿದ್ದೆ, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ಮುಂದಿನ ಭೇಟಿಯವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.