ಕಾಣದ ಹೀರೋ ಕಾಣಿಸಿಕೊಳ್ಳೋ ಜಾಗ

(ಸಕಲೇಶಪುರ ಕಡೆಯ ಓದುಗರೊಬ್ಬರ ಪತ್ರ: "ನನ್ನ ಮಗ ಎಂಟನೇ ಕ್ಲಾಸು. ನೋಟ್‌ಬುಕ್ ತುಂಬಾ ಒಬ್ಬ ಸೂಪರ್‌ಹೀರೋನ ಬರೆದಿದ್ದಾನೆ. ಹೆಸರು ಮಂಜ. ಮಂಜು ಬಿದ್ದಾಗ ಮಾಯ ಆಗ್ತಾನೆ, ಆನೆ ಬಂದ್ರೆ ತೋಟದ ಜನರನ್ನ ಕಾಪಾಡ್ತಾನೆ. ಕ್ಲಾಸಿನ ಹುಡುಗರು 'ಮಾಯ ಆಗೋದು ಹುಡುಗೀರ ಪವರ್ ಕಣೋ, ಗಂಡಸಾದ್ರೆ ಎದುರಿಗೆ ನಿಂತು ಹೊಡೀಬೇಕು' ಅಂತ ಆಡ್ಕೊಂಡ್ರಂತೆ. ಎರಡು ದಿನದಿಂದ ಪೆನ್ಸಿಲ್ ಮುಟ್ಟಿಲ್ಲ. ಈ ಶಕ್ತಿ ಇರೋ ಗಂಡು ಹೀರೋಗಳು ಇಲ್ವಾ ಸರ್?")

ಇದ್ದಾರೆ ಮೇಡಂ, ಇದ್ದಾರೆ. ಮೊದಲು ಮಗನ ಕೈಗೆ ಪೆನ್ಸಿಲ್ ಕೊಡಿ, ಆಮೇಲೆ ಈ ಉತ್ತರ ಓದಿ ಹೇಳಿ.

ಆ ಹುಡುಗರ ಮಾತು ಎಲ್ಲಿಂದ ಬಂತು ಅಂತ ನಂಗೆ ಗೊತ್ತು. ಮಾಯ ಆಗೋರು ಅಂದ ತಕ್ಷಣ ನೆನಪಾಗೋದು ಫೆಂಟಾಸ್ಟಿಕ್ ಫೋರ್ ಅನ್ನೋ ಅಮೆರಿಕದ ಕಾಮಿಕ್ಸ್‌ನ ಸೂ ಸ್ಟಾರ್ಮ್, 1961ರಲ್ಲಿ ಸ್ಟ್ಯಾನ್ ಲೀ ಮತ್ತೆ ಜ್ಯಾಕ್ ಕರ್ಬಿ ಮಾಡಿದ ಪಾತ್ರ, ಆಮೇಲೆ 2004ರ ಇನ್‌ಕ್ರೆಡಿಬಲ್ಸ್ ಸಿನಿಮಾದ ವಯಲೆಟ್ ಅನ್ನೋ ನಾಚಿಕೆ ಹುಡುಗಿ. ಸೂಗೆ ಶುರುವಿನಲ್ಲಿ ಕಾಣದಂಗೆ ಆಗೋದು ಬಿಟ್ರೆ ಬೇರೇನೂ ಬರ್ತಿರ್ಲಿಲ್ಲ, ಕಣ್ಣಿಗೆ ಕಾಣದ ಗುರಾಣಿ ಕಟ್ಟೋ ಶಕ್ತಿ ಕೊಟ್ಟಿದ್ದು 1964ರಲ್ಲಿ. ಜಗಳ ಶುರುವಾದ್ರೆ ಹುಡುಗಿ ಮರೆಗೆ ಹೋಗ್ಲಿ ಅನ್ನೋ ಯೋಚನೆ ಅದರ ಹಿಂದೆ ಇತ್ತು ಅಂತ ನಂಗೆ ಅನ್ಸುತ್ತೆ, ಅದು ಬರೆದೋರ ತಪ್ಪು, ಶಕ್ತಿಯದ್ದಲ್ಲ.

ಸೂಗಿಂತ ಮುಂಚೆನೇ 1955ರಲ್ಲಿ ಮಾರ್ಷಿಯನ್ ಮ್ಯಾನ್‌ಹಂಟರ್ ಬಂದಿದ್ದ, ಮಂಗಳ ಗ್ರಹದವನು, ಬೇಕಂದಾಗ ಮಾಯ, ಆದ್ರೆ ಬೆಂಕಿ ಕಂಡ್ರೆ ಕೈಕಾಲು ಬಿದ್ದೋಗುತ್ತೆ. 1960ರಲ್ಲಿ ಇನ್‌ವಿಸಿಬಲ್ ಕಿಡ್, ಲೈಲ್ ನಾರ್ಗ್ ಅಂತ, ನಿಮ್ಮ ಮಗನಿಗಿಂತ ಸ್ವಲ್ಪ ದೊಡ್ಡ ಹುಡುಗ, ತಾನೇ ಕಂಡುಹಿಡಿದ ಸೀರಂನಿಂದ ಮಾಯ ಆಗೋನು. ಈಗಿನ ಮಕ್ಕಳಿಗೆ ಗೊತ್ತಿರೋ ಸ್ಪೈಡರ್‌ಮ್ಯಾನ್ ಮೈಲ್ಸ್ ಮೊರಾಲಿಸ್ ಇದ್ದಾನಲ್ಲ, 2011ರಲ್ಲಿ ಬಂದವನು, ಅವನಿಗೂ ಇದೆ. 2018ರ ಅನಿಮೇಷನ್ ಸಿನಿಮಾದಲ್ಲಿ ಅವನು ಮೊದಲು ಮಾಯ ಆಗೋದು ಹೆದರಿಕೆ ಆದಾಗ, ತನ್ನ ಹಿಡಿತದಲ್ಲೇ ಇಲ್ಲದೆ. ಆ ಹೆದರಿಕೆ ದಾಟಿ ಬೇಕಂದಾಗ ಮಾಯ ಆಗೋದನ್ನ ಕಲಿಯೋದೇ ಅವನ ಕಥೆ. ಕ್ಲಾಸಿನ ಹುಡುಗರಿಗೆ ಇಷ್ಟು ಸಾಕು.

ನಿಮ್ಮ ಮಗನಿಗೆ ಮಾತ್ರ ಇನ್ನೊಂದು ವಿಷಯ ಹೇಳ್ಬೇಕು. ಕಾಣದೇ ಇರೋನ ಕಥೆ ನಿಲ್ಲೋದು ಅವನು ಎಲ್ಲಿ, ಯಾರಿಗೆ, ಹೆಂಗೆ ಕಂಡುಬಿಡ್ತಾನೆ ಅನ್ನೋದ್ರ ಮೇಲೆ. ಎಚ್.ಜಿ. ವೆಲ್ಸ್ 1897ರಲ್ಲಿ ಬರೆದ ಕಾಣದ ಮನುಷ್ಯ ಹೀರೋ ಅಲ್ಲ, ಕೆಟ್ಟೋನೇ, ಆದ್ರೂ ಅವನ ಪಾಡು ಓದಿದ್ರೆ ಹೊಟ್ಟೆ ಚುರ್ ಅನ್ನುತ್ತೆ. ಬಟ್ಟೆ ಹಾಕಿದ್ರೆ ಬಟ್ಟೆ ಕಾಣುತ್ತೆ ಅಂತ ಲಂಡನ್ನಿನ ಜನವರಿ ಚಳೀಲಿ ಬರೀ ಮೈಯಲ್ಲಿ ತಿರುಗ್ತಾನೆ, ತಿಂದ ಅನ್ನ ಕರಗೋ ತನಕ ಹೊಟ್ಟೆಯಲ್ಲಿ ಕಾಣುತ್ತೆ, ನಾಯಿ ವಾಸನೆ ಹಿಡಿಯುತ್ತೆ, ಕೊನೆಗೆ ಬೀದಿ ಹುಡುಗರು ಕೆಸರಿನ ಹೆಜ್ಜೆ ನೋಡಿ, ಕಾಲಿಲ್ಲದ ಹೆಜ್ಜೆ ಹೋಗ್ತಿದೆ ನೋಡ್ರೋ ಅಂತ ಬೆನ್ನು ಹತ್ತುತ್ತಾರೆ. ಇಡೀ ಪುಸ್ತಕದಲ್ಲಿ ನಂಗೆ ಮರೆಯಕ್ಕೆ ಆಗ್ದೇ ಇರೋದು ಆ ಹೆಜ್ಜೆಗಳೇ.

1987ರ ಮಿಸ್ಟರ್ ಇಂಡಿಯಾದಲ್ಲಿ ಅನಿಲ್ ಕಪೂರ್ ಕೈಗೆ ವಾಚಿನ ಥರ ಒಂದು ಯಂತ್ರ ಕಟ್ಕೊಂಡು ಮಾಯ ಆಗ್ತಾರೆ, ಕೆಂಪು ಬೆಳಕಲ್ಲಿ ಮಾತ್ರ ಕಂಡುಬಿಡ್ತಾರೆ. ನಮ್ಮಲ್ಲಿ 1989ರಲ್ಲಿ ಅಂಬರೀಶ್ ಅವರ ಜೈ ಕರ್ನಾಟಕ ಬಂತಲ್ಲ, ಅದರದ್ದೇ ರೀಮೇಕ್. ಆ ಕೆಂಪು ಬೆಳಕು ಇಲ್ಲದಿದ್ರೆ ವಿಲನ್ ಏನು ಮಾಡ್ತಿದ್ದ ಹೇಳಿ, ಅರ್ಧ ಗಂಟೆಗೆ ಸಿನಿಮಾ ಮುಗಿದೋಗ್ತಿತ್ತು.

ಇದನ್ನ ಬರೀವಾಗ ನಂಗೆ ನಿಮ್ಮ ಕಡೆ ತೋಟಾನೇ ಕಣ್ಮುಂದೆ ಬಂತು. ಒಂದ್ಸಲ ನೆಂಟರ ಎಸ್ಟೇಟಿಗೆ ಹೋಗಿದ್ದೆ, ಬೆಳಿಗ್ಗೆ ಆರೂವರೆ, ಹತ್ತಡಿ ಆಚೆ ಇರೋ ಸಿಲ್ವರ್ ಮರ ಕಾಣ್ದೇ ಇರೋವಷ್ಟು ಮಂಜು, ಮುಂದೆ ಹೋಗ್ತಿದ್ದ ಮೇಸ್ತ್ರಿ ಕೈ ಅಡ್ಡ ಇಟ್ಟು ನಿಲ್ಲಿಸಿದ್ರು, ಮಾತಾಡ್ಬೇಡಿ ಅಂತ ಸನ್ನೆ. ಏನೂ ಕಾಣ್ತಿಲ್ಲ. ಬಗನೆ ಮರ ಸಿಗಿಯೋ ಸದ್ದು ಮಾತ್ರ, ಆಮೇಲೆ ಹಸಿ ಲದ್ದಿ ವಾಸನೆ. ಮೂರ್ನಾಲ್ಕು ಟನ್ನಿನ ಪ್ರಾಣಿ, ಕಾಫಿ ಗಿಡದ ಮಧ್ಯೆ ನಿಂತ್ರೆ ಇಲ್ಲವೇ ಇಲ್ಲ! ಈಗ ಆನೆ ಹತ್ರ ಇದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತೆ, ಕೆಲವು ಕಡೆ ಕೆಂಪು ಲೈಟ್ ಮಿಣುಕುತ್ತೆ. ಕಾಣದ್ದನ್ನ ಕೆಂಪು ಬೆಳಕು ತೋರಿಸಿಕೊಡೋದು ಸಿನಿಮಾದಲ್ಲೂ ಅದೇ, ನಿಮ್ಮೂರಲ್ಲೂ ಅದೇ. ನಿಮ್ಮ ಮಗ ಆ ಮಂಜಲ್ಲೇ ಬೆಳೆದೋನು, ಅವನಷ್ಟು ಚೆನ್ನಾಗಿ ಇದನ್ನ ಬರೆಯೋಕೆ ನ್ಯೂಯಾರ್ಕಿನ ಕಾಮಿಕ್ಸ್ ಆರ್ಟಿಸ್ಟಿಗೂ ಆಗಲ್ಲ.

ನಮ್ಮ ಪುರಾಣದಲ್ಲೂ ಈ ವಿದ್ಯೆ ಗಂಡಸರ ಕೈಲೇ ಜಾಸ್ತಿ. ಇಂದ್ರಜಿತು ಆಕಾಶದಲ್ಲಿ ಮಾಯವಾಗಿ ಬಾಣ ಬಿಡೋದು ಯಕ್ಷಗಾನ ನೋಡಿರೋ ಮಕ್ಕಳಿಗೂ ಗೊತ್ತು. ಆದ್ರೆ ಮಹಾಭಾರತದ ವನಪರ್ವದಲ್ಲಿ ಬರೋ ರಾಮನ ಕಥೆಯಲ್ಲಿ ಒಂದು ಸಂಗತಿ ಇದೆ, ನಂಗೆ ತುಂಬಾ ಇಷ್ಟ. ಕುಬೇರ ಒಬ್ಬ ಗುಹ್ಯಕನ, ಅಂದ್ರೆ ತನ್ನ ಸೇವಕನ, ಕೈಲಿ ನೀರು ಕಳಿಸ್ತಾನೆ, ಆ ನೀರಲ್ಲಿ ಕಣ್ಣು ತೊಳ್ಕೊಂಡ್ರೆ ಮಾಯ ಆಗಿರೋರೆಲ್ಲ ಕಾಣ್ತಾರೆ. ರಾಮ, ಲಕ್ಷ್ಮಣ, ಸುಗ್ರೀವ ಎಲ್ಲರೂ ಕಣ್ಣು ತೊಳ್ಕೊತಾರೆ. ಅಲ್ಲೇ ಯುದ್ಧ ತಿರುಗುತ್ತೆ.

ಅದೇ ವನಪರ್ವದಲ್ಲಿ ನಳನ ಕಥೆನೂ ಇದೆ. ಹುಡುಗರಿಗೆ ಉತ್ತರ ಕೊಡ್ಬೇಕು ಅಂದ್ರೆ ನಾನು ನಳನ್ನೇ ಮುಂದೆ ನಿಲ್ಲಿಸ್ತೀನಿ. ದೇವತೆಗಳು, ನಮ್ಮಲ್ಲಿ ಒಬ್ಬರನ್ನ ವರಿಸು ಅಂತ ದಮಯಂತಿಗೆ ಹೇಳಿ ಬಾ ಅಂತ ಅವನನ್ನೇ ಕಳಿಸ್ತಾರೆ, ಅವನಿಗೋ ಅವಳ ಮೇಲೇ ಪ್ರೀತಿ. ದೇವತೆಗಳ ಪ್ರಭಾವದಿಂದ ಕಾವಲಿನವರ ಕಣ್ಣಿಗೆ ಬೀಳದೆ ಅಂತಃಪುರದ ಒಳಗೆ ಹೋಗ್ತಾನೆ. ಒಳಗೆ ಹೋದ ಮೇಲೆ ಅಡಗಿಕೊಳ್ಳಲ್ಲ. ಅವಳ ಎದುರಿಗೆ, ಸಖಿಯರ ಎದುರಿಗೆ ಕಾಣೋ ಹಂಗೇ ನಿಂತು, ತನ್ನ ಆಸೆ ನುಂಗಿಕೊಂಡು, ಕೊಟ್ಟ ಮಾತಿನಂತೆ ದೇವತೆಗಳ ಸಂದೇಶ ಹೇಳ್ತಾನೆ. ಎದುರಿಗೆ ನಿಂತು ಹೊಡೆಯೋನೇ ಗಂಡಸು ಅನ್ನೋ ಹುಡುಗರು ಇದನ್ನ ಒಂದ್ಸಲ ಕೇಳಿಸ್ಕೊಳ್ಳಲಿ. ಹಂಗೆ ನಿಲ್ಲೋಕೆ ಏನು ಕಮ್ಮಿ ಗುಂಡಿಗೆ ಬೇಕಾ?

ಈಗ ಮಂಜನ ವಿಷಯಕ್ಕೆ ಬರೋಣ. ಮಗನಿಗೆ ನನ್ನ ಪರವಾಗಿ ಕೇಳಿ, ಮಂಜು ಕರಗಿ ಬಿಸಿಲು ಬಂದ್ರೆ ಮಂಜನ ಗತಿ ಏನು? ಆನೆಗೆ ಅವನ ವಾಸನೆ ಸಿಗಲ್ವಾ? ಆನೆಯ ಕಣ್ಣಿಂದ ತಪ್ಪಿಸಿಕೊಂಡ್ರೂ ಸೊಂಡಿಲಿಂದ ತಪ್ಪಿಸಿಕೊಳ್ಳೋದು ಹೆಂಗೆ? ಕಾಪಾಡಿದ ಮೇಲೆ ತೋಟದ ಜನರಲ್ಲಿ ಯಾರೋ ಒಬ್ಬರಿಗಾದ್ರೂ ಅವನು ಕಾಣ್ತಾನಾ, ಯಾರಿಗೆ? ಇದಕ್ಕೆ ಉತ್ತರ ಅವನೇ ಹುಡುಕಲಿ, ನೀವು ಹೇಳ್ಕೊಡ್ಬೇಡಿ.

ಬರೆದ ಮೇಲೆ ನಾಲ್ಕು ಪುಟ ನಮಗೆ ಕಳಿಸಿ, ಮಕ್ಕಳ ಪುಟದಲ್ಲಿ ಹಾಕ್ತೀನಿ. ಪೆನ್ಸಿಲ್ ಪ್ರಿಂಟಲ್ಲಿ ಸರಿಯಾಗಿ ಬರಲ್ಲ, ಮೇಲೆ ಕಪ್ಪು ಇಂಕಲ್ಲಿ ತಿದ್ದೋಕೆ ಹೇಳಿ. ಮಾಯ ಆದಾಗ ಮಂಜನ್ನ ಚುಕ್ಕಿ ಗೆರೆಯಲ್ಲಿ ಬರೆದ್ರೆ ಸಾಕು, ಸೂ ಸ್ಟಾರ್ಮ್‌ನೂ ಹಂಗೇ ಬರೀತಿದ್ರು. ಕೆಸರಲ್ಲಿ ಬಿದ್ದ ಅವನ ಗಮ್‌ಬೂಟಿನ ಗುರುತನ್ನ ಮಾತ್ರ ದಪ್ಪಗೆ ಬರೀಲಿ.